ಕೀಲು ನೋವು: ಅಡುಗೆಮನೆ ಕೊಡಬಲ್ಲದ್ದು, ಕೊಡಲಾರದ್ದು

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕೀಲು ನೋವಿಗೆ ಮನೆಯಲ್ಲೇ ಸಿಗುವ ಆಹಾರ, ಪಾನೀಯಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಮೊದಲು ಹಿಂಜರಿದೆ. ನಾನು ವೈದ್ಯನಲ್ಲ, ಹಕೀಮನೂ ಅಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಆದರೆ ಕಳೆದ ಶುಕ್ರವಾರ ಜುಮಾ ನಮಾಜಿಗೆ ಹೋದಾಗ ಕೊನೆಯ ಸಾಲಿನ ಕುರ್ಚಿಗಳನ್ನು ಎಣಿಸಿದೆ. ಹದಿನೇಳು ಇದ್ದವು. ನಾನು ಚಿಕ್ಕವನಿದ್ದಾಗ ಅಲ್ಲಿ ಒಂದೂ ಕುರ್ಚಿ ಇದ್ದ ನೆನಪಿಲ್ಲ. ಸಜ್ದಾ ಮಾಡಲು ಮೊಣಕಾಲು ಮಡಚಲಾಗದವರ ಸಂಖ್ಯೆ ನಮ್ಮ ಬಂಕಾಪುರದಲ್ಲಿ ಹೆಚ್ಚುತ್ತಿದೆ. ಆದ್ದರಿಂದ ಒಪ್ಪಿಕೊಂಡೆ. ಇನ್ನೊಂದು ಕಾರಣವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನೋವು ಒಂದೇ, ರೋಗ ಬೇರೆ ಬೇರೆ

ನಮ್ಮ ಕಡೆ ಎಲ್ಲ ಕೀಲು ನೋವಿಗೂ "ವಾಯು ಆಗೈತಿ" ಎಂದು ಒಂದೇ ಮಾತು ಹೇಳುತ್ತೇವೆ. ಆದರೆ ವೈದ್ಯಶಾಸ್ತ್ರ ನೂರಕ್ಕೂ ಹೆಚ್ಚು ಬಗೆಯ ಸಂಧಿವಾತಗಳನ್ನು ಗುರುತಿಸಿದೆ. ನಮಗೆ ಮೂರು ಗೊತ್ತಿದ್ದರೆ ಸಾಕು.

ಮೊದಲನೆಯದು ಸವೆತದಿಂದ ಬರುವ ನೋವು. ವಯಸ್ಸಾದಂತೆ, ತೂಕ ಹೆಚ್ಚಿದಂತೆ ಮೊಣಕಾಲಿನ ಮೃದ್ವಸ್ಥಿ ಸವೆಯುತ್ತದೆ. ಬೆಳಿಗ್ಗೆ ಎದ್ದಾಗ ಬಿಗಿತ ಇರುತ್ತದೆ, ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಸಡಿಲಾಗುತ್ತದೆ. ಎರಡನೆಯದು ಆಮವಾತ. ಇದರಲ್ಲಿ ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಕೀಲುಗಳ ಮೇಲೆ ದಾಳಿ ಮಾಡುತ್ತದೆ. ಕೈಬೆರಳಿನ ಗೆಣ್ಣುಗಳು ಎರಡೂ ಕಡೆ ಊದಿಕೊಳ್ಳುತ್ತವೆ, ಬೆಳಗಿನ ಬಿಗಿತ ಒಂದು ತಾಸಿಗಿಂತ ಹೆಚ್ಚು ಇರುತ್ತದೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಪ್ರಾಯದ ಹೆಣ್ಣುಮಕ್ಕಳಿಗೂ ಬರುತ್ತದೆ. ಮೂರನೆಯದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಸೂಜಿಯಂಥ ಹರಳುಗಳು ಕೀಲಿನಲ್ಲಿ ಕೂಡುತ್ತವೆ. ರಾತ್ರಿ ಚೆನ್ನಾಗಿ ಮಲಗಿದವನು ನಸುಕಿನಲ್ಲಿ ಕಾಲಿನ ಹೆಬ್ಬೆರಳು ಕೆಂಪಾಗಿ ಉರಿದು ಎದ್ದು ಕೂಡುತ್ತಾನೆ. ಮೇಲೆ ಹೊದಿಕೆ ತಾಕಿದರೂ ತಡೆಯಲಾಗದು.

ಈ ಮೂರಕ್ಕೂ ಒಂದೇ ಕಷಾಯ ಹೇಳುವವರನ್ನು ನಂಬಬೇಡಿ. ರೋಗ ಯಾವುದೆಂದು ತಿಳಿಯದೆ ಮದ್ದು ಯಾವುದೆಂದು ಹೇಳಲಾಗದು.

ಅರಿಶಿನ, ಮೆಣಸು, ಶುಂಠಿ

ಈಗ ಅಡುಗೆಮನೆಗೆ ಬರೋಣ. ಅರಿಶಿನದಲ್ಲಿ ಕರ್ಕ್ಯುಮಿನ್ ಎಂಬ ಹಳದಿ ವಸ್ತುವಿದೆ. ಉರಿಯೂತ ತಗ್ಗಿಸುವ ಗುಣ ಅದಕ್ಕಿದೆ. ತೊಂದರೆ ಏನೆಂದರೆ, ನೂರು ಗ್ರಾಂ ಅರಿಶಿನದಲ್ಲಿ ಅದು ಇರುವುದು ಸುಮಾರು ಮೂರು ಗ್ರಾಂ ಮಾತ್ರ. ಇದ್ದಷ್ಟನ್ನೂ ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಎರಡು ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರಿನ್ ಅನ್ನು ಕೇವಲ 20 ಮಿಲಿಗ್ರಾಂ ಕೊಟ್ಟಾಗ, ಅದು ರಕ್ತಕ್ಕೆ ಸೇರುವ ಪ್ರಮಾಣ ಇಪ್ಪತ್ತು ಪಟ್ಟು ಹೆಚ್ಚಾಯಿತು. ಅರಿಶಿನದ ಹಾಲಿಗೆ ಎರಡು ಕಾಳು ಮೆಣಸು ಜಜ್ಜಿ ಹಾಕುತ್ತಿದ್ದ ನಮ್ಮ ಅಜ್ಜಿಯರು ಯಾವ ಕಾಲೇಜಿಗೂ ಹೋದವರಲ್ಲ, ಆದರೆ ಅವರ ಕೈಗುಣದಲ್ಲಿ ಅರ್ಥವಿತ್ತು.

ಹಾಗಾಗಿ ಒಂದು ಲೋಟ ಹಾಲಿಗೆ ಅರ್ಧ ಚಮಚ ಅರಿಶಿನ, ಎರಡು ಕಾಳು ಮೆಣಸು ಹಾಕಿ ಕುದಿಸಿ ರಾತ್ರಿ ಕುಡಿಯುವುದು ಒಳ್ಳೆಯ ರೂಢಿ. ಸವೆತದ ನೋವಿನಲ್ಲಿ ಸ್ವಲ್ಪ ಆರಾಮ ಸಿಗಬಹುದು. ಹಾಗೆಂದು ಅಂಗಡಿಯಲ್ಲಿ ಮಾರುವ ಅರಿಶಿನ ಸತ್ವದ ಮಾತ್ರೆಗಳನ್ನು ಮುಷ್ಟಿಗಟ್ಟಲೆ ನುಂಗಬೇಡಿ. ಮೆಣಸಿನ ಸತ್ವ ಸೇರಿಸಿದ ಅಂಥ ಮಾತ್ರೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ಈಚಿನ ವರ್ಷಗಳಲ್ಲಿ ವರದಿಯಾಗಿವೆ. ಸಾರಿಗೆ ಹಾಕುವ ಅರಿಶಿನ ಬೇರೆ, ಸತ್ವ ತೆಗೆದ ಮಾತ್ರೆ ಬೇರೆ.

ಶುಂಠಿಗೆ ನಾವು ದೂರ ಹೋಗಬೇಕಿಲ್ಲ, ಹಾನಗಲ್ಲ ಕಡೆಯ ಹೊಲಗಳಲ್ಲೇ ಬೆಳೆಯುತ್ತದೆ. ಮೊಣಕಾಲು ಸವೆದವರ ಮೇಲೆ ನಡೆದ ಅಧ್ಯಯನಗಳಲ್ಲಿ ಶುಂಠಿಯಿಂದ ನೋವು ಸ್ವಲ್ಪ ಇಳಿದದ್ದು ಕಂಡುಬಂದಿದೆ. ಸ್ವಲ್ಪ ಎಂಬ ಪದವನ್ನು ನೆನಪಿಡಿ. ಒಂದು ಇಂಚು ಶುಂಠಿ ಜಜ್ಜಿ, ನೀರಿನಲ್ಲಿ ಕುದಿಸಿ, ದಿನಕ್ಕೆ ಒಂದೆರಡು ಸಲ ಕುಡಿಯಬಹುದು. ಆದರೆ ಮೂರು ಚಮಚ ಸಕ್ಕರೆ ಹಾಕಿದ ಶುಂಠಿ ಚಹಾ ಔಷಧವಲ್ಲ. ಎದೆಯುರಿ ಇರುವವರು, ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಶುಂಠಿ, ಬೆಳ್ಳುಳ್ಳಿ, ಅರಿಶಿನಗಳನ್ನು ಮದ್ದಿನ ಪ್ರಮಾಣದಲ್ಲಿ ಸೇವಿಸಬಾರದು.

ಅಗಸಿ ಚಟ್ನಿ ಮತ್ತು ಮೀನು

ಜೋಳದ ರೊಟ್ಟಿಯ ಜೊತೆ ನಾವು ತಿನ್ನುವ ಅಗಸಿ ಚಟ್ನಿಪುಡಿ ಬಡವರ ಪಾಲಿನ ನಿಧಿ. ಅಗಸಿ ಎಣ್ಣೆಯ ಸುಮಾರು ಅರ್ಧದಷ್ಟು ಒಮೆಗಾ-3 ಕೊಬ್ಬು. ಅಗಸಿಯನ್ನು ಹುರಿದು ಪುಡಿ ಮಾಡಿಯೇ ತಿನ್ನಬೇಕು, ಇಡೀ ಕಾಳು ಜೀರ್ಣವಾಗದೆ ಹಾಗೆಯೇ ಹೊರಹೋಗುತ್ತದೆ. ಆದರೆ ಅಗಸಿಯ ಒಮೆಗಾ-3 ಅನ್ನು ನಮ್ಮ ದೇಹ ತನಗೆ ಬೇಕಾದ ರೂಪಕ್ಕೆ ಬದಲಿಸುವುದು ಬಹಳ ಕಡಿಮೆ. ಆ ರೂಪ ನೇರವಾಗಿ ಸಿಗುವುದು ಮೀನಿನಲ್ಲಿ. ಕರಾವಳಿಯಿಂದ ನಮ್ಮ ಸಂತೆಗೆ ಬರುವ ಬಂಗುಡೆ, ಭೂತಾಯಿ ಮೀನುಗಳು ಅಗ್ಗವೂ ಹೌದು, ಇದಕ್ಕೆ ಉತ್ತಮವೂ ಹೌದು. ವಾರಕ್ಕೆರಡು ಸಲ ಮಾಂಸದ ಬದಲು ಮೀನು ತಂದರೆ ಕೀಲಿಗೂ ಒಳ್ಳೆಯದು, ಹೃದಯಕ್ಕೂ ಒಳ್ಳೆಯದು. ಕರಿಯುವುದಕ್ಕಿಂತ ಸಾರು ಮಾಡಿ.

ದಾವತ್ತಿನ ಮರುದಿನದ ನೋವು

ಗೌಟ್ ವಿಷಯದಲ್ಲಿ ಮಾತ್ರ ಆಹಾರದ ಪ್ರಭಾವ ನೇರವಾಗಿ ಕಾಣುತ್ತದೆ. ಬಕ್ರೀದ್ ಮುಗಿದ ವಾರ ಕಾಲು ಹಿಡಿದುಕೊಂಡು ಕೂಡುವವರು ನಮ್ಮ ಓಣಿಗಳಲ್ಲಿ ಇದ್ದಾರೆ. ಕಲೇಜಿ, ಗುರ್ದಾ, ಭೇಜಾ ಇವುಗಳಲ್ಲಿ ಯೂರಿಕ್ ಆಮ್ಲವಾಗುವ ವಸ್ತು ಬಹಳ. ಕೆಂಪು ಮಾಂಸದಲ್ಲೂ ಇದೆ. "ಪಾಯಾ ಕುಡಿದರೆ ಮೊಣಕಾಲಿಗೆ ಶಕ್ತಿ" ಎಂಬ ನಂಬಿಕೆ ನಮ್ಮಲ್ಲಿದೆ. ಗೌಟ್ ಇದ್ದವನಿಗೆ ಅದೇ ಪಾಯಾ ಮುಳುವಾಗಬಹುದು. ದಾವತ್ತಿನಲ್ಲಿ ಕೊಡುವ ತಂಪು ಪಾನೀಯದ ಸಕ್ಕರೆಯೂ ಯೂರಿಕ್ ಆಮ್ಲವನ್ನು ಏರಿಸುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಬೇಳೆ, ಪಾಲಕ್ ತಿನ್ನಬಾರದೆಂದು ಹೆದರುವವರೂ ಇದ್ದಾರೆ. ತರಕಾರಿ, ಬೇಳೆಕಾಳುಗಳಿಂದ ಗೌಟ್ ಅಪಾಯ ಹೆಚ್ಚುವುದಿಲ್ಲವೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಹಾಲು, ಮಜ್ಜಿಗೆ ಒಳ್ಳೆಯದು. ನೀರು ಎಲ್ಲಕ್ಕಿಂತ ಒಳ್ಳೆಯದು. ರಂಜಾನ್ ತಿಂಗಳಲ್ಲಿ ಗೌಟ್ ಇರುವವರು ಇಫ್ತಾರಿನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ಸಾಕಷ್ಟು ನೀರು ಕುಡಿಯಬೇಕು. ಆದರೆ ಯೂರಿಕ್ ಆಮ್ಲ ಬಹಳ ಏರಿದವರಿಗೆ ಪಥ್ಯವೊಂದೇ ಸಾಲದು, ಗುಳಿಗೆ ಬೇಕಾಗುತ್ತದೆ.

ಇಲ್ಲಿ ಯುನಾನಿ ವೈದ್ಯದ ಒಂದು ಮಾತು. ಹಕೀಮರು ಕೀಲು ನೋವನ್ನು ವಜಾ-ಉಲ್-ಮಫಾಸಿಲ್ ಎನ್ನುತ್ತಾರೆ. ಅದಕ್ಕೆ ಸುರಂಜಾನ್ ಎಂಬ ಗಡ್ಡೆಯನ್ನು ಶತಮಾನಗಳಿಂದ ಬಳಸಿದ್ದಾರೆ. ಅದೇ ಜಾತಿಯ ಗಿಡದಿಂದ 1820ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕೊಲ್ಚಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇಂದಿಗೂ ಗೌಟ್ ನೋವಿಗೆ ವೈದ್ಯರು ಬರೆದುಕೊಡುವ ಗುಳಿಗೆ ಅದು. ಆದರೆ ಅದರ ಪ್ರಮಾಣ ಸ್ವಲ್ಪ ಮೀರಿದರೂ ವಿಷ. ಮಳೆಗಾಲದಲ್ಲಿ ನಮ್ಮ ಬೇಲಿಗಳಲ್ಲಿ ಬೆಂಕಿಯ ಜ್ವಾಲೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲೂ ಇದೇ ವಿಷವಿದೆ. ಗಿಡದ್ದು ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ. ಯುನಾನಿ ಚಿಕಿತ್ಸೆ ಬೇಕಾದವರು ಓದಿ ಪದವಿ ಪಡೆದ ಹಕೀಮರ ಬಳಿಗೆ ಹೋಗಿ. 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ.

ನೀರನ್ನೂ ನೋಡಿ, ಬಿಸಿಲನ್ನೂ ನೋಡಿ

ಕುಡಿಯುವ ನೀರೇ ಕೀಲು ನೋವಿಗೆ ಕಾರಣವಾಗುವುದೂ ಉಂಟು. ಗದಗ ಜಿಲ್ಲೆಯ ಮುಂಡರಗಿ ಕಡೆಯ ಹಲವು ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಬೆನ್ನು, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಸಾಂದ್ರತೆ ಹೆಚ್ಚುತ್ತದೆ. ಹೊಸದಾಗಿ ಬೋರ್ ಕೊರೆಸಿದವರು ನೀರು ಪರೀಕ್ಷೆ ಮಾಡಿಸಿಯೇ ಕುಡಿಯಿರಿ.

ಇನ್ನು ನಮ್ಮ ತಾಯಂದಿರು, ಅಕ್ಕತಂಗಿಯರು. ದಿನವಿಡೀ ಒಳಗೇ ಇರುವವರ ಮೈಗೆ ಬಿಸಿಲು ತಾಗುವುದಿಲ್ಲ, ವಿಟಮಿನ್ ಡಿ ಕಡಿಮೆಯಾಗುತ್ತದೆ. ಆಗ ಎಲುಬು ಮೆತ್ತಗಾಗಿ ಮೈಕೈ ಎಲ್ಲ ನೋಯುತ್ತದೆ. ಅದನ್ನೂ ವಾಯು ಎಂದೇ ತಿಳಿಯುತ್ತೇವೆ. ಮನೆಯ ಹಿತ್ತಲಲ್ಲೋ ಮಾಳಿಗೆಯ ಮೇಲೋ ಮರೆಯಲ್ಲಿ ಕೈಕಾಲಿಗೆ ಬಿಸಿಲು ತಾಗುವಂತೆ ಸ್ವಲ್ಪ ಹೊತ್ತು ಕೂಡಿ. ಎಳ್ಳು, ರಾಗಿ, ಹಾಲು, ನುಗ್ಗೆ ಸೊಪ್ಪು ಊಟದಲ್ಲಿರಲಿ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ.

ಎಲ್ಲಕ್ಕಿಂತ ದೊಡ್ಡ ಮನೆಮದ್ದು ಯಾವ ಡಬ್ಬಿಯಲ್ಲೂ ಇಲ್ಲ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವನು ಪ್ರತಿ ಹೆಜ್ಜೆಗೆ ಇಪ್ಪತ್ತು ಕಿಲೋ ಹೊರೆ ಇಳಿಸಿದಂತೆ. ಬಿರಿಯಾನಿಯ ಎರಡನೇ ತಟ್ಟೆ ಬಿಡಿ, ಬೆಳಿಗ್ಗೆ ಕೋಟೆಯ ಕಡೆ ನಡೆಯಿರಿ. ನವಿಲುಗಳ ಕೂಗು ಕೇಳುತ್ತ ನಡೆಯುವ ಭಾಗ್ಯ ಎಷ್ಟು ಊರಿನವರಿಗಿದೆ?

ಹಂದಿಗೋಡಿನ ಪಾಠ

ವಿದ್ಯಾರ್ಥಿಗಳಿಗೆ ಒಂದು ನಿಜ ಘಟನೆ ಹೇಳುತ್ತೇನೆ. 1974-75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಬಡ ಕೂಲಿ ಕುಟುಂಬಗಳ ಜನರಿಗೆ ಸೊಂಟ, ಮೊಣಕಾಲು ಹಿಡಿದು, ಕೆಲವರು ತೆವಳುವ ಸ್ಥಿತಿಗೆ ಬಂದದ್ದು ಬೆಳಕಿಗೆ ಬಂತು. ಅವರು ಗದ್ದೆಯ ಏಡಿ ತಿನ್ನುತ್ತಿದ್ದರು, ಏಡಿಯಲ್ಲಿ ಕೀಟನಾಶಕ ಸೇರಿರಬೇಕು, ಅದೇ ಕಾರಣ ಎಂಬ ಊಹೆ ಹಬ್ಬಿತು. ಮುಂದೆ ಸಂಶೋಧಕರು ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ ಅದು ತಂದೆತಾಯಿಯಿಂದ ಮಕ್ಕಳಿಗೆ ಬರುವ ರೋಗವೆಂದು ಕಂಡುಬಂತು. ಆಹಾರವನ್ನು ದೂರುವುದೂ ಸುಲಭ, ಆಹಾರವನ್ನೇ ಔಷಧವೆಂದು ಹೊಗಳುವುದೂ ಸುಲಭ. ಪರೀಕ್ಷಿಸಿ ತಿಳಿಯುವುದು ಕಷ್ಟ. ವಿದ್ಯೆ ಎಂದರೆ ಆ ಕಷ್ಟವೇ.

ನನ್ನ ತಪ್ಪು

ಮೊದಲು ಹೇಳದೆ ಉಳಿಸಿದ ಮಾತಿಗೆ ಈಗ ಬರುತ್ತೇನೆ. ನನ್ನ ಅಮ್ಮಿಗೆ ಕೈಬೆರಳುಗಳು ಊದತೊಡಗಿದಾಗ ಆಕೆಗೆ ಐವತ್ತು ದಾಟಿರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಆಗುತ್ತಿತ್ತು. ಮೆಂತ್ಯೆ ನೆನೆಸಿ ತಿಂದಳು, ಬೆಳ್ಳುಳ್ಳಿ ಹಾಲು ಕುಡಿದಳು, ಸಾಸಿವೆ ಎಣ್ಣೆ ತಿಕ್ಕಿದಳು. ಎರಡು ವರ್ಷ ಹೀಗೆಯೇ ಹೋಯಿತು. ಆಮೇಲೆ ಸಂತೆಯಲ್ಲಿ ಮಾರುವವನೊಬ್ಬನ ಹತ್ತಿರ "ಶುದ್ಧ ಗಿಡಮೂಲಿಕೆ" ಎಂಬ ಕರಿ ಗುಳಿಗೆ ತಂದುಕೊಟ್ಟೆ. ತಂದವನು ನಾನೇ, ವಿಜ್ಞಾನದ ಮಾಸ್ತರ. ನಾಲ್ಕೇ ದಿನದಲ್ಲಿ ಅಮ್ಮಿ ಎದ್ದು ಓಡಾಡಿದಳು. "ನಿನ್ನ ಗುಳಿಗೆ ಜಾದೂ ಐತಿ ಬೇಟಾ" ಎಂದಳು. ನಾನು ಹತ್ತು ಜನಕ್ಕೆ ಅವನ ವಿಳಾಸ ಹೇಳಿದೆ.

ಒಂದು ವರ್ಷದಲ್ಲಿ ಮುಖ ಉಬ್ಬಿತು, ಸಕ್ಕರೆ ಕಾಯಿಲೆ ಬಂತು. ಅವನು ಊರಿಗೆ ಬರುವುದು ನಿಂತ ತಿಂಗಳು ಅಮ್ಮಿ ಹಾಸಿಗೆ ಹಿಡಿದಳು. ಆಸ್ಪತ್ರೆಯಲ್ಲಿ ವೈದ್ಯರು ಎರಡು ಮಾತು ಹೇಳಿದರು. ಆ ಗುಳಿಗೆಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು, ಅದನ್ನು ದಿಢೀರನೆ ನಿಲ್ಲಿಸಿದ್ದರಿಂದ ಜೀವಕ್ಕೇ ಅಪಾಯವಿತ್ತು ಎಂದು ಒಂದು. ಇದು ಆಮವಾತ, ಮೊದಲ ಕೆಲವು ತಿಂಗಳಲ್ಲೇ ಬಂದಿದ್ದರೆ ಬೆರಳುಗಳನ್ನು ಉಳಿಸಬಹುದಿತ್ತು ಎಂದು ಇನ್ನೊಂದು. ಮುಂದೆ ವಾರಕ್ಕೊಮ್ಮೆ ತೆಗೆದುಕೊಳ್ಳುವ ಮೆಥೊಟ್ರೆಕ್ಸೇಟ್ ಗುಳಿಗೆಯಿಂದ ನೋವು ಹಿಡಿತಕ್ಕೆ ಬಂತು. ಅದು ವಾರಕ್ಕೊಮ್ಮೆ ಮಾತ್ರ, ಮರೆತು ದಿನಾಲೂ ನುಂಗಿದರೆ ಪ್ರಾಣಕ್ಕೇ ಕುತ್ತು ಎಂಬುದನ್ನು ಮನೆಯವರೆಲ್ಲ ನೆನಪಿಡಬೇಕು. ಆದರೆ ಸೊಟ್ಟಗಾದ ಬೆರಳು ನೆಟ್ಟಗಾಗಲಿಲ್ಲ. ತಸ್ಬೀಹ್ ಮಣಿ ಎಣಿಸಲು ಅಮ್ಮಿ ಕೊನೆಯವರೆಗೂ ಕಷ್ಟಪಟ್ಟಳು. ನನ್ನನ್ನು ಒಂದು ದಿನವೂ ಬೈಯಲಿಲ್ಲ.

ಆದ್ದರಿಂದ ಕೈಮುಗಿದು ಕೇಳುತ್ತೇನೆ. ಕೀಲು ಊದಿ ಆರು ವಾರ ಕಳೆದರೆ, ಬೆಳಗಿನ ಬಿಗಿತ ತಾಸುಗಟ್ಟಲೆ ಇದ್ದರೆ, ಅರಿಶಿನ ಹಾಲು ಕುಡಿಯುತ್ತಲೇ ವೈದ್ಯರ ಬಳಿಗೆ ಹೋಗಿ. ಊತದ ಜೊತೆ ಜ್ವರವಿದ್ದರೆ ಅದೇ ದಿನ ಹೋಗಿ. ಹೆಸರಿಲ್ಲದ, ಚೀಟಿಯಿಲ್ಲದ ಗುಳಿಗೆ ನಾಲ್ಕು ದಿನದಲ್ಲಿ ಜಾದೂ ಮಾಡಿದರೆ ಸಂತೋಷಪಡಬೇಡಿ, ಅನುಮಾನಪಡಿ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ, ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ವೈದ್ಯರಿಗೆ ತೋರಿಸಿ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದ ಮೇಲೆ ನಿಮ್ಮ ಅಮ್ಮಿಯ, ದಾದಿಯ, ನಾನಿಯ ಕೈಗಳನ್ನು ಒಮ್ಮೆ ಹಿಡಿದು ನೋಡಿ. ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ಕೇಳಿ. ಅವರಾಗಿ ಹೇಳುವುದಿಲ್ಲ, ನಾವು ಕೇಳಬೇಕು.