ಪ್ರಶ್ನೆ ಪೆಟ್ಟಿಗೆಯ ಚೀಟಿಗಳು

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಮಾನ್ಯ ಅಧ್ಯಕ್ಷರೇ, ಟ್ರಸ್ಟಿನ ಪದಾಧಿಕಾರಿಗಳೇ, ವೇದಿಕೆಯಲ್ಲಿರುವ ಉಸ್ತಾದರೇ, ಹೆತ್ತವರೇ, ಮತ್ತು ಹಿಂದಿನ ಸಾಲಿನಲ್ಲಿ ಕೂತು ಸಭೆ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿರುವ ನನ್ನ ಪ್ರೀತಿಯ ಮಕ್ಕಳೇ,

ಬಿಡುವಿನ ವೇಳೆ, ಇಂದಿನ ರೂಢಿಗಳು, ನಂಬಿಕೆಗಳು, ಇವುಗಳ ಬಗ್ಗೆ ಇಸ್ಲಾಮ್ ಏನು ಹೇಳುತ್ತದೆ ಎಂದು ಮಾತನಾಡಲು ನನ್ನನ್ನು ಕೇಳಿದ್ದಾರೆ. ನಾನು ಆಲಿಮಳಲ್ಲ. 34 ವರ್ಷ ಸರಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವಳು. ಫತ್ವಾ ಕೊಡುವ ಕೆಲಸ ಉಸ್ತಾದರದ್ದು, ಅವರು ಇಲ್ಲೇ ಇದ್ದಾರೆ. ನಾನು ತಪ್ಪಿದರೆ ತಿದ್ದಲಿ. ಮೇ ತಿಂಗಳಲ್ಲಿ ಟ್ರಸ್ಟ್ ನಡೆಸಿದ ಮಕ್ಕಳ ಶಿಬಿರದಲ್ಲಿ ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ದೆವು. ಹೆಸರು ಬರೆಯಬೇಕಾಗಿಲ್ಲ, ಮನಸ್ಸಿನಲ್ಲಿ ಇರುವುದನ್ನು ಬರೆದು ಹಾಕಿ ಎಂದಿದ್ದೆ. ಆ ಚೀಟಿಗಳು ನನ್ನ ಚೀಲದಲ್ಲಿವೆ. ಇಂದು ಅವುಗಳಲ್ಲಿ ಕೆಲವನ್ನು ಓದುತ್ತೇನೆ.

ಮೊದಲನೆಯದು ಒಬ್ಬ ಹುಡುಗನದ್ದು ಇರಬೇಕು, ಅಕ್ಷರ ನೋಡಿದರೆ ಗೊತ್ತಾಗುತ್ತದೆ. "ಕೇರಂ ಆಡುವುದು ಹರಾಮಾ? ಮದರಸದಲ್ಲಿ ಕೇಳಿದರೆ ಬೈತಾರೆ."

ಮಗನೇ, ಆಟವೇ ಇಲ್ಲದ ದೀನ್ ನಮ್ಮದಲ್ಲ. ಹನ್‌ಝಲಾ(ರ) ಎಂಬ ಸಹಾಬಿ ಒಮ್ಮೆ ತಾನು ಕಪಟಿಯಾಗಿಬಿಟ್ಟೆ ಎಂದು ಕಂಗಾಲಾಗಿ ಹೊರಟರು. ಪ್ರವಾದಿ(ಸ)ರ ಬಳಿ ಕೂತಾಗ ಸ್ವರ್ಗ ನರಕ ಕಣ್ಣೆದುರು ಕಂಡಂತಾಗುತ್ತದೆ, ಮನೆಗೆ ಹೋಗಿ ಹೆಂಡತಿ ಮಕ್ಕಳ ನಡುವೆ ಸೇರಿದರೆ ಎಲ್ಲ ಮರೆತುಹೋಗುತ್ತದೆ ಎಂಬುದು ಅವರ ದುಃಖ. ದಾರಿಯಲ್ಲಿ ಸಿಕ್ಕಿದ ಅಬೂಬಕರ್(ರ) ನನಗೂ ಹಾಗೇ ಆಗುತ್ತದೆ ಎಂದರು. ಇಬ್ಬರೂ ಪ್ರವಾದಿ(ಸ)ರ ಬಳಿ ಹೋದರು. ಅವರಿಗೆ ಸಿಕ್ಕಿದ ಉತ್ತರ ಗದರಿಕೆಯದ್ದಲ್ಲ. ಸದಾ ನನ್ನ ಬಳಿ ಇರುವ ಸ್ಥಿತಿಯಲ್ಲೇ ಇದ್ದಿದ್ದರೆ ಮಲಕುಗಳು ಬೀದಿಯಲ್ಲಿ ನಿಮ್ಮ ಕೈಕುಲುಕುತ್ತಿದ್ದರು, ಆದರೆ ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬ ಅರ್ಥದ ಮಾತು ಹೇಳಿ ಕಳಿಸಿದರು. ಈದ್ ದಿನ ಅಬಿಸೀನಿಯಾದವರು ಮಸೀದಿಯಲ್ಲೇ ಈಟಿಗಳೊಂದಿಗೆ ಆಡುತ್ತಿದ್ದಾಗ ಪ್ರವಾದಿ(ಸ)ರು ಆಯಿಶಾ(ರ)ರಿಗೆ ಅದನ್ನು ನೋಡಲು ಬಿಟ್ಟದ್ದೂ, ಸಾಕಾಯಿತು ಎಂದು ಅವರೇ ಹೇಳುವ ತನಕ ಜೊತೆಗೆ ನಿಂತದ್ದೂ ಹದೀಸಿನಲ್ಲಿದೆ. ಪುಟ್ಟ ಹುಡುಗನೊಬ್ಬನ ಸಾಕಿದ ಹಕ್ಕಿಯ ಬಗ್ಗೆ ತಮಾಷೆಯಾಗಿ ವಿಚಾರಿಸುತ್ತಿದ್ದ ಪ್ರವಾದಿ ಅವರು.

ಕೇರಂ ಆಡು. ನಮಾಝ್ ತಪ್ಪಬಾರದು, ಓದು ಕೆಡಬಾರದು, ಬಾಯಿಯಲ್ಲಿ ಕೆಟ್ಟ ಮಾತು ಬರಬಾರದು. ಇನ್ನೊಂದು, ಸೋತವನು ಎಲ್ಲರಿಗೂ ಚಹಾ ಕುಡಿಸಬೇಕು ಎಂಬ ಕರಾರು ಬೇಡ. ಅದು ಸಣ್ಣದಾದರೂ ಪಣವೇ ಎಂದು ಉಲಮಾಗಳು ಹೇಳುತ್ತಾರೆ. ಆಡದೆ ನಿಂತ ಮೂರನೆಯವರು ಗೆದ್ದವನಿಗೆ ಬಹುಮಾನ ಕೊಟ್ಟರೆ ಅದು ಬೇರೆ. ಹಾಗಾಗಿ ಚಹಾದ ದುಡ್ಡು ಬೇಕಿದ್ದರೆ ನಮ್ಮ ಖಜಾಂಚಿಯವರನ್ನು ಕೇಳಿ.

ಆದರೆ ಆಯಿಶಾ(ರ)ರ ಹೆಸರು ಬಂದದ್ದರಿಂದ ಹೆತ್ತವರಿಗೆ ಒಂದು ಮಾತು. ಪ್ರವಾದಿ(ಸ)ರು ಅವರ ಜೊತೆ ಓಟದ ಪಂದ್ಯ ಓಡಿದ್ದಾರೆ. ಒಮ್ಮೆ ಆಯಿಶಾ(ರ) ಗೆದ್ದರು, ವರ್ಷಗಳ ನಂತರ ಪ್ರವಾದಿ(ಸ)ರು ಗೆದ್ದು, ಇದು ಅದಕ್ಕೆ ಸರಿಯಾಯಿತು ಎಂದು ನಕ್ಕರು. ಈ ಘಟನೆಯನ್ನು ನಾವು ಭಾಷಣಗಳಲ್ಲಿ ಬಹಳ ಹೇಳುತ್ತೇವೆ. ನಮ್ಮ ಮನೆಗಳಲ್ಲಿ ಅಸರ್ ಆದ ಮೇಲೆ ಮಗ ಮೈದಾನಕ್ಕೆ ಓಡುತ್ತಾನೆ, ಮಗಳು ಪಾತ್ರೆ ತೊಳೆಯಲು ಕೂರುತ್ತಾಳೆ. ಪೆಟ್ಟಿಗೆಯಲ್ಲಿದ್ದ ಚೀಟಿಗಳಲ್ಲಿ ಆಟದ ಬಗ್ಗೆ ಕೇಳಿದ ಒಂದೂ ಹೆಣ್ಣು ಮಕ್ಕಳದ್ದಾಗಿರಲಿಲ್ಲ ಎಂದು ನನಗೆ ಅನಿಸಿತು. ಬಿಡುವೇ ಇಲ್ಲದವರು ಬಿಡುವಿನ ಬಗ್ಗೆ ಏನು ಕೇಳುತ್ತಾರೆ? ಪ್ರವಾದಿ(ಸ)ರು ಮನೆಯಲ್ಲಿ ಏನು ಮಾಡುತ್ತಿದ್ದರು ಎಂದು ಕೇಳಿದವರಿಗೆ, ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದರೆ ಹೊರಡುತ್ತಿದ್ದರು ಎಂದು ಆಯಿಶಾ(ರ)ರೇ ಹೇಳಿದ್ದಾರೆ. ನಿಮ್ಮ ಮಗನ ಕೈಗೂ ಎರಡು ಪಾತ್ರೆ ಕೊಡಿ.

ಎರಡನೆಯ ಚೀಟಿ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಮೊಬೈಲ್ ಆಟದಲ್ಲಿ ಗೆದ್ದ ದುಡ್ಡಿನಲ್ಲಿ ಉಮ್ಮನಿಗೆ ಮದ್ದು ತಂದರೆ ಹಲಾಲಾ?"

ಈ ಮಗುವಿನ ಉದ್ದೇಶ ಕೆಟ್ಟದ್ದಲ್ಲ. ಆದರೆ ಹಣ ಕಟ್ಟಿ, ಗೆದ್ದರೆ ಇನ್ನೊಬ್ಬನ ಹಣ ಬರುವ ಆಟಕ್ಕೆ ಕುರ್‌ಆನ್ ಇಟ್ಟ ಹೆಸರು ಮೈಸಿರ್, ಜೂಜು. ಅದನ್ನು ಮದ್ಯದ ಜೊತೆಗೇ ಇಟ್ಟು ದೂರವಿರಲು ಹೇಳಿದೆ. ಗಮನಿಸಬೇಕಾದ ವಿಷಯವೆಂದರೆ, ಅದರಲ್ಲಿ ಜನರಿಗೆ ಸ್ವಲ್ಪ ಲಾಭವೂ ಇದೆ ಎಂದು ಕುರ್‌ಆನ್ ಒಪ್ಪಿಕೊಳ್ಳುತ್ತದೆ. ಪಾಪ ಮಾತ್ರ ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಯಾರೋ ಒಬ್ಬ ಗೆಳೆಯ ಗೆದ್ದದ್ದು ಸುಳ್ಳಲ್ಲ ಅಂತ ಅರ್ಥ.

ಈಗ ನನ್ನ ಪಾಠ ಸ್ವಲ್ಪ ಕೇಳಿ. 100 ಮಕ್ಕಳು ತಲಾ 50 ರೂಪಾಯಿ ಹಾಕಿದರೆ 5,000. ಆಟ ನಡೆಸುವವನು ನೂರಕ್ಕೆ 15ರಂತೆ ತನ್ನ ಪಾಲು ತೆಗೆದುಕೊಂಡ ಅಂತ ಇಟ್ಟುಕೊಳ್ಳಿ. ಮಕ್ಕಳ ಕೈಯಲ್ಲಿ ಒಟ್ಟು ಉಳಿದದ್ದು 4,250. ಅದನ್ನೇ ಮತ್ತೆ ಹಾಕಿದರು, 3,612 ಆಯಿತು. ಮತ್ತೆ ಹಾಕಿದರು, 3,070. ನಾಲ್ಕನೆಯ ಸುತ್ತಿಗೆ ಸುಮಾರು 2,610. ಯಾರು ಗೆದ್ದರು, ಯಾರು ಸೋತರು ಎಂದು ನಾನು ಹೇಳಲೇ ಇಲ್ಲ, ನೋಡಿ. ಯಾರೇ ಗೆಲ್ಲಲಿ, ನಾಲ್ಕೇ ಸುತ್ತಿನಲ್ಲಿ ಅರ್ಧದಷ್ಟು ಹಣ ಆ ಮಕ್ಕಳ ಕೈಯಿಂದ ಹೋಗಿರುತ್ತದೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ತಂದಿತು. ಅದಾದ ಮೇಲೂ ಬೇರೆ ದಾರಿ ಹುಡುಕುವವರು ಇದ್ದಾರೆ. ಈ ಚೀಟಿ ಬರೆದ ಮಗುವೇ, ಉಮ್ಮನ ಮದ್ದಿನ ಚೀಟಿಯನ್ನು ಟ್ರಸ್ಟಿನ ಕಚೇರಿಗೆ ತಂದು ಕೊಡು. ಆ ಹಣ ಒದಗಿಸುವುದು ದೊಡ್ಡವರ ಕೆಲಸ, ನಿನ್ನದಲ್ಲ.

ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಬಹುದೇ ಎಂಬ ಚೀಟಿಗಳು ಐದಾರು ಇವೆ. ಉಲಮಾಗಳಲ್ಲಿ ಇದರ ಬಗ್ಗೆ ಒಂದೇ ಅಭಿಪ್ರಾಯವಿಲ್ಲ, ನಿಮ್ಮ ಉಸ್ತಾದರನ್ನು ಕೇಳಿ. ಪಕ್ಕದ ಮನೆಯ ಮಗು ಕೇಕ್ ತಂದು ಕೊಟ್ಟರೆ ಮುಖ ತಿರುಗಿಸಬೇಡಿ, ಅಷ್ಟೇ ನನ್ನ ಕಡೆಯಿಂದ.

ನಂಬಿಕೆಯ ಬಗ್ಗೆ ಬಂದ ಒಂದು ಚೀಟಿ ಹೀಗಿದೆ: "ಸಫರ್ ತಿಂಗಳಲ್ಲಿ ಹಾಸ್ಟೆಲಿಗೆ ಹೋಗಬಾರದು ಎಂದು ಅಜ್ಜಿ ಹೇಳುತ್ತಾರೆ. ಸೀಟು ಹೋದರೆ?"

ಸೀಟು ಬಿಡಬೇಡ. ಸಫರ್ ತಿಂಗಳಿಗೆ ಕೇಡು ಅಂಟಿಸುವುದನ್ನೂ ಶಕುನ ನೋಡುವುದನ್ನೂ ಪ್ರವಾದಿ(ಸ)ರು ಹೆಸರಿಟ್ಟು ತಳ್ಳಿಹಾಕಿದ್ದಾರೆ. ಆ ಕಾಲದ ಅರಬರು ಶವ್ವಾಲ್ ತಿಂಗಳು ಮದುವೆಗೆ ಅಶುಭ ಎಂದುಕೊಂಡಿದ್ದರು. ನನ್ನ ಮದುವೆ ಆದದ್ದೇ ಶವ್ವಾಲಿನಲ್ಲಿ, ನನಗಿಂತ ಭಾಗ್ಯವಂತೆ ಯಾರಿದ್ದಾರೆ ಎಂದು ಆಯಿಶಾ(ರ) ಕೇಳುತ್ತಿದ್ದರಂತೆ. ಅಜ್ಜಿಗೆ ಇದನ್ನು ಹೇಳು. ಜಗಳ ಮಾಡಬೇಡ, ಕೈ ಹಿಡಿದುಕೊಂಡು ಹೇಳು.

1980ರ ಫೆಬ್ರವರಿ 16ರಂದು ನಾನು ಪಿಯುಸಿ ವಿದ್ಯಾರ್ಥಿನಿ. ಅಂಕೋಲಾ ಕಡೆ ಪೂರ್ಣ ಸೂರ್ಯಗ್ರಹಣ, ನಮ್ಮಲ್ಲಿ ಪಾರ್ಶ್ವ. ಮಧ್ಯಾಹ್ನದ ಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲ ಮತದವರ ಮನೆಗಳೂ ಬಾಗಿಲು ಮುಚ್ಚಿದ್ದವು, ನಮ್ಮದೂ. ನಮ್ಮ ಉಮ್ಮ ಕಿಟಕಿಯ ಸಂದಿಗೂ ಬಟ್ಟೆ ತುರುಕಿದ್ದರು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡು ಕಡೆ ಬಳೆಯಾಕಾರದ ಗ್ರಹಣ ಬಂದಾಗ ನಾನು ಗ್ರಹಣದ ಕನ್ನಡಕ ತರಿಸಿ ಒಂಬತ್ತನೆಯ ತರಗತಿಯ ಮಕ್ಕಳನ್ನು ಅಂಗಳಕ್ಕೆ ಕರೆದೆ. ಆ ದಿನ ತರಗತಿಯಲ್ಲಿ ಅರ್ಧದಷ್ಟು ಮಕ್ಕಳೂ ಇರಲಿಲ್ಲ. ನಲವತ್ತು ವರ್ಷಗಳಲ್ಲಿ ಇಷ್ಟೇ ದೂರ ಬಂದೆವಲ್ಲ ಎಂದುಕೊಂಡೆ.

ಬಂದ ಮಕ್ಕಳಿಗೆ ಇಬ್ರಾಹೀಮರ ಕಥೆ ಹೇಳಿದೆ. ಪ್ರವಾದಿ(ಸ)ರ ಮಗ ಇಬ್ರಾಹೀಮ್ ಹಾಲು ಕುಡಿಯುವ ವಯಸ್ಸಿನಲ್ಲೇ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಅದು ಕ್ರಿ.ಶ. 632ರ ಜನವರಿ 27 ಎಂದು ಲೆಕ್ಕ ಹಾಕಿದ್ದಾರೆ. ಪ್ರವಾದಿಯ ಮಗ ಸತ್ತದ್ದಕ್ಕೆ ಸೂರ್ಯನೂ ಕಪ್ಪಾದ ಎಂದು ಮದೀನಾದ ಜನ ಆಡಿಕೊಂಡರು. ಮಗನನ್ನು ಮಣ್ಣು ಮಾಡಿದ ತಂದೆ, ಕಣ್ಣೀರು ಆರಿರಲಿಲ್ಲ. ಆ ಮಾತನ್ನು ಹಾಗೇ ಬಿಟ್ಟಿದ್ದರೆ ಅವರ ಗೌರವ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಬಿಡಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಸಾವಿಗೂ ಯಾರ ಹುಟ್ಟಿಗೂ ಗ್ರಹಣವಾಗುವುದಿಲ್ಲ, ನೀವು ನಮಾಝ್ ಮಾಡಿ ಎಂದು ತಿಳಿಸಿದರು. ಯಾವ ವಿಜ್ಞಾನ ಶಿಕ್ಷಕನಿಗೂ ಅಂಥ ದಿನ ಅಷ್ಟು ಸ್ಪಷ್ಟವಾಗಿ ಮಾತನಾಡಲು ಸಾಧ್ಯವಾಗುತ್ತಿತ್ತೇ, ನನಗೆ ಗೊತ್ತಿಲ್ಲ.

ಇನ್ನು ಒಂದೇ ಚೀಟಿ. ಇದನ್ನು ನಾನು ಕೊನೆಗೆ ಇಟ್ಟುಕೊಂಡದ್ದು ಇದು ಮಕ್ಕಳಿಗಲ್ಲ, ನಮಗೆ ಎಂಬ ಕಾರಣಕ್ಕೆ. "ಅಕ್ಕನ ಮದುವೆಗೆ ಉಪ್ಪ ಸಾಲ ಮಾಡಿದ್ದಾರೆ. ಅದಕ್ಕೇ ನನ್ನ ಕಾಲೇಜು ಫೀಸಿಗೆ ದುಡ್ಡಿಲ್ಲ. ಮೊದಲು ನಾವು ಬಡವರಾಗಿರಲಿಲ್ಲ. ನಾನು ಟ್ರಸ್ಟಿನ ಹಣ ಕೇಳಬಹುದಾ?"

ಚಿನ್ನ, ಹಾಲ್, ಮೆಹಂದಿ ರಾತ್ರಿ, ವೇದಿಕೆಯ ಹೂವು, ಡ್ರೋನ್ ಕ್ಯಾಮೆರಾ, ಹುಡುಗನ ಕಡೆಯವರಿಗೆ ಮತ್ತೊಂದು ಊಟ. ಇವುಗಳಲ್ಲಿ ಯಾವುದೂ ನಿಕಾಹಿನ ಷರತ್ತಲ್ಲ. ಕೊಡಬೇಕಾದವನು ಗಂಡು, ಅದು ಮಹ್ರ್. ಏನೂ ಇಲ್ಲದ ಬಡವನಿಗೆ ಒಂದು ಕಬ್ಬಿಣದ ಉಂಗುರವಾದರೂ ಹುಡುಕು ಎಂದರು, ಅದೂ ಸಿಗದಿದ್ದಾಗ ಅವನಿಗೆ ಗೊತ್ತಿದ್ದ ಕುರ್‌ಆನ್ ಅಧ್ಯಾಯಗಳ ಮೇಲೆ ಮದುವೆ ಮಾಡಿಸಿದರು ಪ್ರವಾದಿ(ಸ)ರು. ಅಲೀ(ರ) ಫಾತಿಮಾ(ರ)ರಿಗೆ ಮಹ್ರಾಗಿ ಕೊಟ್ಟದ್ದು ತಮ್ಮ ಯುದ್ಧಕವಚವನ್ನು. ಸಂತೋಷ ಬೇಡವೆಂದು ಯಾರೂ ಹೇಳಿಲ್ಲ. ಅನ್ಸಾರರ ಮದುವೆಯೊಂದರಲ್ಲಿ, ಅವರಿಗೆ ಹಾಡು ಆಟ ಇಷ್ಟವಲ್ಲವೇ, ಏನೂ ಏರ್ಪಾಡು ಮಾಡಿಲ್ಲವೇ ಎಂದು ಪ್ರವಾದಿ(ಸ)ರೇ ವಿಚಾರಿಸಿದ್ದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಒಂದು ಆಡನ್ನಾದರೂ ಕೊಯ್ದು ವಲೀಮ ಮಾಡು ಎಂದರು. ಒಂದು ಆಡು. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರಿಂದ ನಮ್ಮ ದೇಶದಲ್ಲಿ ಅಪರಾಧ. ನಾವು ಈಗ ಬಾಯಿಬಿಟ್ಟು ಕೇಳುವುದಿಲ್ಲ, "ನಿಮ್ಮ ಮಗಳಿಗೆ ನೀವು ಹಾಕುತ್ತೀರಿ, ನಮಗೇನು" ಎನ್ನುತ್ತೇವೆ. ಎಷ್ಟು ಪವನ್ ಎಂದು ಮದುವೆಯ ದಿನ ಕೊರಳು ನೋಡಿಯೇ ಲೆಕ್ಕ ಹಾಕುತ್ತೇವೆ. ಆ ಲೆಕ್ಕದಲ್ಲಿ ನಾವು ಹೆಂಗಸರೇ ಮುಂದೆ.

ಇದನ್ನು ಹೇಳುವ ಹಕ್ಕು ನನಗೆ ಎಷ್ಟಿದೆ ಎಂಬುದನ್ನೂ ಹೇಳಿಬಿಡಬೇಕು. 2011ರಲ್ಲಿ ನನ್ನ ಮಗಳ ಮದುವೆ. ಹುಡುಗನ ಕಡೆಯವರು ಒಂದು ಗ್ರಾಂ ಕೇಳಿರಲಿಲ್ಲ. ಆದರೂ ಟೀಚರ ಮಗಳು ಬರಿ ಕೊರಳಲ್ಲಿ ಹೋದಳು ಎಂದು ಯಾರಾದರೂ ಆಡಿದರೆ ಎಂಬ ಭಯ ನನ್ನದು. ಜಿಪಿಎಫ್‌ನಿಂದ ಹಣ ತೆಗೆದೆ, ಸಹಕಾರ ಸಂಘದಲ್ಲಿ ಸಾಲವನ್ನೂ ಮಾಡಿದೆ. ಸಾವಿರ ಜನಕ್ಕೆ ಊಟ ಹಾಕಿಸಿದೆ. ಅದರ ಹಿಂದಿನ ವರ್ಷ ನನ್ನ ಶಾಲೆಯಿಂದ ಎಸೆಸೆಲ್ಸಿ ಪಾಸಾದ ಹುಡುಗನೊಬ್ಬನಿಗೆ ಎರಡು ವರ್ಷದ ವಿಜ್ಞಾನ ಪಿಯುಸಿಯ ಫೀಸನ್ನು ನಾನೇ ಕಟ್ಟುತ್ತೇನೆ ಎಂದು ಮಾತು ಕೊಟ್ಟಿದ್ದೆ. ಒಂದು ವರ್ಷ ಕಟ್ಟಿದೆ. ಎರಡನೆಯ ವರ್ಷ ಕೈ ಖಾಲಿ. ಅವನು ಕೇಳಲು ಬರಲಿಲ್ಲ, ನಾನೂ ವಿಚಾರಿಸಲಿಲ್ಲ. ವಿಚಾರಿಸಿದರೆ ಕೊಡಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು.

ಮಗಳ ಮದುವೆಯ ದಿನ ಹೆಂಗಸರ ಕಡೆ ನೆಂಟರನ್ನು ಮಾತನಾಡಿಸಿ ಊಟದ ಹಾಲಿಗೆ ಹೋದೆ. ಅಡುಗೆಯವರ ಜೊತೆ ಬಡಿಸಲು ಬಂದ ಹುಡುಗರಲ್ಲಿ ಅವನಿದ್ದ. ಕೈಯಲ್ಲಿ ಬಿರಿಯಾನಿಯ ಪಾತ್ರೆ. "ಟೀಚರ್, ನೀವು ಇನ್ನೂ ಊಟ ಮಾಡಿಲ್ಲವಾ? ಕೂತುಕೊಳ್ಳಿ, ನಾನು ಹಾಕುತ್ತೇನೆ" ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಕೂತೆ, ಅವನು ಬಡಿಸಿದ. ಏನು ತಿಂದೆನೋ ನೆನಪಿಲ್ಲ. ಆಮೇಲೆ ಹೋಗಿ ಅವನ ಉಮ್ಮನನ್ನು ಕಂಡೆ. ಕಾಲೇಜು ಬಿಟ್ಟು ಆಗಲೇ ಮೂರು ತಿಂಗಳಾಗಿತ್ತು, ಮತ್ತೆ ಸೇರಲು ಅವನು ಒಪ್ಪಲಿಲ್ಲ. ಮುಂದೆ ಗಲ್ಫಿಗೆ ಹೋದ. ರಜೆಯಲ್ಲಿ ಬಂದಾಗ ಈಗಲೂ ನಮ್ಮ ಮನೆಗೆ ಖರ್ಜೂರ ತರುತ್ತಾನೆ. ನಾನು ಕ್ಷಮೆ ಕೇಳಿದ್ದೇನೆ. "ಬಿಡಿ ಟೀಚರ್" ಎನ್ನುತ್ತಾನೆ.

ಶ್ರೀಮಂತರನ್ನು ಕರೆದು ಬಡವರನ್ನು ಬಿಡುವ ಮದುವೆಯೂಟ ಅತಿ ಕೆಟ್ಟ ಊಟ ಎಂಬ ಅರ್ಥದ ಹದೀಸನ್ನು ನಾನು ಅದಕ್ಕೆ ಮೊದಲು ಎಷ್ಟೋ ಸಲ ಕೇಳಿದ್ದೆ. ನನ್ನ ಮನೆಯ ಊಟಕ್ಕೆ ಬಡವನೂ ಬಂದಿದ್ದ, ಬಡಿಸುವುದಕ್ಕೆ.

ಆ ಚೀಟಿಗೆ ಉತ್ತರ ಕೊಡಬೇಕು. ಮಗಳೇ, ನೀನು ಕೇಳಬಹುದು. ಝಕಾತಿಗೆ ಅರ್ಹರಾದ ಎಂಟು ವರ್ಗದವರನ್ನು ಕುರ್‌ಆನ್ ಹೆಸರಿಸುವಾಗ ಸಾಲದಲ್ಲಿ ಸಿಕ್ಕಿಕೊಂಡವರನ್ನೂ ಸೇರಿಸಿದೆ. ನಿನ್ನ ಅರ್ಜಿಯನ್ನು ಝಕಾತ್ ನಿಧಿಗೆ ಸೇರಿಸಬೇಕೋ ಸಾಮಾನ್ಯ ದಾನದ ನಿಧಿಗೋ ಎಂಬುದನ್ನು ಸಮಿತಿಯವರು ಉಸ್ತಾದರನ್ನು ಕೇಳಿ ನಿರ್ಧರಿಸುತ್ತಾರೆ, ಅದು ನಿನ್ನ ತಲೆನೋವಲ್ಲ. ಸಾಲ ಮಾಡಿದ್ದು ನೀನಲ್ಲ. ಉಪ್ಪನನ್ನೂ ದೂರಬೇಡ, ಅವರ ಸುತ್ತ ನಿಂತು ಮಾಡಿಸಿದವರು ನಾವು. ಕಳೆದ ತಿಂಗಳು ಸಮಿತಿಯವರೊಂದಿಗೆ ಮಾತನಾಡಿದ್ದೇನೆ. ಅರ್ಜಿ ನಮೂನೆಯಲ್ಲಿ ವಾರ್ಷಿಕ ಆದಾಯದ ಕೆಳಗೆ "ಮನೆಯ ಸಾಲ ಮತ್ತು ಅದರ ಕಾರಣ" ಎಂಬ ಸಾಲೊಂದನ್ನು ಈ ಸಲ ಸೇರಿಸಿದ್ದಾರೆ. ಅಲ್ಲಿ ಮದುವೆ ಎಂದು ಬರೆದವರ ಅರ್ಜಿಯನ್ನು ಆ ಕಾರಣಕ್ಕೆ ತಿರಸ್ಕರಿಸುವುದಿಲ್ಲ, ಹೊರಗೆ ಯಾರಿಗೂ ಹೇಳುವುದೂ ಇಲ್ಲ ಎಂದು ಕಾರ್ಯದರ್ಶಿಯವರು ನನಗೆ ಮಾತು ಕೊಟ್ಟಿದ್ದಾರೆ.

ಚೀಟಿಯಲ್ಲಿ ಹೆಸರಿಲ್ಲ, ನಾನು ಹುಡುಕಲೂ ಹೋಗಿಲ್ಲ. ಈ ಸಭೆಯಲ್ಲಿ ನೀನು ಇದ್ದರೆ, ಹೊರಡುವಾಗ ಬಾಗಿಲ ಬಳಿಯ ಮೇಜಿನಿಂದ ನಮೂನೆ ತೆಗೆದುಕೋ. ತುಂಬಲು ಕಷ್ಟವಾದರೆ ಪ್ರತಿ ಭಾನುವಾರ ಅಸರ್ ಆದ ಮೇಲೆ ನಾನು ಟ್ರಸ್ಟಿನ ಕಚೇರಿಯಲ್ಲಿ ಇರುತ್ತೇನೆ.

ವಸ್ಸಲಾಮು ಅಲೈಕುಮ್.