ರೋಮಿನ ನೀರು, ರೋಮಿನ ಕಟ್ಟಳೆ

ಕ್ರಿ.ಪೂ. 312ರ ತನಕ ರೋಮ್ ನಗರದ ಜನ ಟೈಬರ್ ನದಿ, ಬಾವಿ, ಬುಗ್ಗೆಗಳ ನೀರನ್ನೇ ನಂಬಿದ್ದರು. ಊರು ಬೆಳೆಯಿತು, ನೀರು ಸಾಲದಾಯಿತು. ಆ ವರ್ಷ ಆಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಸುಮಾರು 16 ಕಿಲೋಮೀಟರ್ ದೂರದಿಂದ ಊರಿಗೆ ಕಾಲುವೆ ತರಿಸಿದ. ಮುಂದಿನ ಐದೂವರೆ ಶತಮಾನಗಳಲ್ಲಿ ಇಂಥ ಕಾಲುವೆಗಳು ಹನ್ನೊಂದಾದವು.

ಇವುಗಳ ಬಹುಭಾಗ ನೆಲದಡಿಯಲ್ಲೇ ಹರಿಯುತ್ತಿತ್ತು. ಕಣಿವೆ ಅಥವಾ ತಗ್ಗು ನೆಲ ಅಡ್ಡಬಂದಲ್ಲಿ ಮಾತ್ರ ಕಮಾನುಗಳ ಮೇಲೇರುತ್ತಿತ್ತು. ನೀರನ್ನು ನಡೆಸಿದ್ದು ಇಳಿಜಾರು. ಅದು ಹೆಚ್ಚಾದರೆ ರಭಸಕ್ಕೆ ಕಾಲುವೆ ಕೊರೆದುಹೋಗುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನ್ನರು ಕಟ್ಟಿದ ಕಾಲುವೆಯ ಉದ್ದ ಸುಮಾರು 50 ಕಿಲೋಮೀಟರ್. ಆದಿಯಿಂದ ಅಂತ್ಯಕ್ಕೆ ಅದು ಇಳಿಯುವುದು ಸುಮಾರು 13 ಮೀಟರ್ ಅಷ್ಟೆ! ಇಂದಿನ ಯಂತ್ರಗಳೊಂದೂ ಇಲ್ಲದ ಕಾಲದ ಅಳತೆ ಇದು.

ಊರಿಗೆ ಬಂದ ನೀರು ಬೀದಿಯ ತೊಟ್ಟಿಗಳಿಗೆ, ಸಾರ್ವಜನಿಕ ಸ್ನಾನಗೃಹಗಳಿಗೆ ಹೋಗುತ್ತಿತ್ತು. ಬಹುಮಹಡಿ ಕಟ್ಟಡಗಳ ಬಾಡಿಗೆದಾರರು ತೊಟ್ಟಿಯಿಂದ ತುಂಬಿ ಹೊತ್ತೊಯ್ಯಬೇಕು. ಮನೆಯೊಳಗೇ ಕೊಳವೆ ಬೇಕೆಂದರೆ ಚಕ್ರವರ್ತಿಯ ಅಪ್ಪಣೆಯಾಗಬೇಕು. ಸ್ನಾನಗೃಹಕ್ಕೆ ಮಾತ್ರ ಅತಿ ಸಣ್ಣ ನಾಣ್ಯವೊಂದಿದ್ದರೆ ಸಾಕು, ಬಡವನಿಗೂ ಪ್ರವೇಶ. ಮಿಕ್ಕು ಹರಿದ ನೀರು ಚರಂಡಿಗಳನ್ನು ತೊಳೆಯುತ್ತಿತ್ತು.

ಕ್ರಿ.ಶ. 97ರಲ್ಲಿ ಚಕ್ರವರ್ತಿ ನರ್ವಾ ಈ ವ್ಯವಸ್ಥೆಯನ್ನು ಫ್ರಾಂಟಿನಸ್ ಎಂಬ ಹಿರಿಯ ಆಡಳಿತಗಾರನಿಗೆ ಒಪ್ಪಿಸಿದ. ಆತ ಒಂದೊಂದು ಕಾಲುವೆಯನ್ನೂ ಅಳೆದು ಲೆಕ್ಕವಿಟ್ಟ. ಕದ್ದು ಕೊರೆದ ಕೊಳವೆಗಳನ್ನೂ ಸಿಬ್ಬಂದಿಯ ಮೋಸವನ್ನೂ ಹಿಡಿದ. ಎಲ್ಲವನ್ನೂ ಪುಸ್ತಕವಾಗಿ ಬರೆದಿಟ್ಟ. ಕಾಲುವೆಗಳ ದುರಸ್ತಿಗೆ ದುಡಿಯುತ್ತಿದ್ದವರು 700 ಮಂದಿ ಗುಲಾಮರೆಂದು ಆ ಪುಸ್ತಕವೇ ಹೇಳುತ್ತದೆ. ರೋಮಿನ ಸೊಗಸನ್ನು ಕೊಂಡಾಡುವಾಗ ಈ ಹೆಸರಿಲ್ಲದವರ ದುಡಿಮೆಯನ್ನು ನಾವು ಮರೆಯಬಾರದು. ಕಮಾನುಗಳ ಎರಡೂ ಬದಿಗೆ 15 ಅಡಿ ಜಾಗ ಖಾಲಿ ಇರಬೇಕು, ಬೇರು ಗೋಡೆ ಸೀಳದಂತೆ ಅಲ್ಲಿ ಮರ ನೆಡಬಾರದು, ತಪ್ಪಿದರೆ 10,000 ಸೆಸ್ಟರ್ಸ್ ನಾಣ್ಯಗಳ ದಂಡ ಎಂಬ ಕಟ್ಟಳೆಯೂ ಇತ್ತು.

ಕ್ರಿ.ಶ. 537ರಲ್ಲಿ ರೋಮನ್ನು ಮುತ್ತಿದ ಗಾತ್ ಜನರ ಸೇನೆ ಕಾಲುವೆಗಳನ್ನು ಕಡಿದುಹಾಕಿತು. ಮುಂದೆ ಶತಮಾನಗಳ ಕಾಲ ಕುಗ್ಗಿದ ನಗರದಲ್ಲಿ ಜನ ಹೆಚ್ಚಾಗಿ ನದಿಯ ಮಗ್ಗುಲಲ್ಲೇ ನೆಲೆಸಿದರು. ಫ್ರಾಂಟಿನಸನ ಪುಸ್ತಕದ ಹಸ್ತಪ್ರತಿ 1429ರಲ್ಲಿ ಮಾಂಟೆ ಕಸ್ಸಿನೊ ಮಠದಲ್ಲಿ ದೊರೆಯಿತು. 1453ರಲ್ಲಿ ಪೋಪ್ ಐದನೆಯ ನಿಕೋಲಸ್ ಹಳೆಯ ಕಾಲುವೆಗಳಲ್ಲೊಂದಾದ ವಿರ್ಗೊವನ್ನು ದುರಸ್ತಿ ಮಾಡಿಸಿದ. ಪ್ರಸಿದ್ಧ ಟ್ರೆವಿ ಕಾರಂಜಿಗೆ ನೀರುಣಿಸಿದ್ದು ಅದೇ. ರೋಮಿನ ಈ ವಿಧಾನ ದೂರದ ಊರುಗಳಿಗೂ ಮಾದರಿಯಾಯಿತು: 1842ರಲ್ಲಿ ನ್ಯೂಯಾರ್ಕಿಗೆ ನೀರು ತಂದ ಕ್ರೋಟನ್ ಕಾಲುವೆಯೂ ಇಳಿಜಾರಿನಲ್ಲೇ ಹರಿಯಿತು. ಅದಕ್ಕಾಗಿ ಕಟ್ಟಿದ ಸೇತುವೆಗೆ ರೋಮನ್ ಕಮಾನುಗಳೇ ಮಾದರಿ.

ಕಮಾನನ್ನು ಯಾರು ಬೇಕಾದರೂ ನಕಲು ಮಾಡಬಹುದು. ರೋಮಿನಿಂದ ಕಲಿಯಬೇಕಾದ ದೊಡ್ಡ ಪಾಠ ಬೇರೆ: ಊರಿಗೆಲ್ಲ ನೀರು ಕೊಡುವುದು ಆಳುವವರ ಹೊಣೆ, ಆ ಹೊಣೆ ಕಟ್ಟಿಸಿದ ದಿನಕ್ಕೆ ಮುಗಿಯದು. ಅಳತೆ, ಲೆಕ್ಕ, ಕಾನೂನು, ದಿನನಿತ್ಯದ ದುರಸ್ತಿ, ಇವಿಷ್ಟೂ ಇದ್ದರೆ ಮಾತ್ರ ನೀರು ಹರಿಯುತ್ತದೆ.