ರಕ್ತವಾಂತಿ ಮತ್ತು ಅಪಾಯದ ಗಣನೆ



ನಾನು ವೈದ್ಯನಲ್ಲ; ಕಾಲೇಜಿನಲ್ಲಿ ಗಣಿತ ಕಲಿಸುವವನು. ಆದರೂ ಈ ದಿನ ವೈದ್ಯರ ಒಂದು ಲೆಕ್ಕವನ್ನು ತಮ್ಮ ಮುಂದಿಡಲು ಬಂದಿದ್ದೇನೆ. ಇದಕ್ಕೆ ಕಾರಣ ಲಿಂಗನಮಕ್ಕಿಯ ನೀರು. 1964ರಲ್ಲಿ ಶರಾವತಿಗೆ ಅಣೆಕಟ್ಟಾದ ಮೇಲೆ ತುಮರಿಯ ಸುತ್ತಿನ ಗ್ರಾಮಗಳು ಹಿನ್ನೀರಿನ ಆಚೆ ಉಳಿದವು. ಸಾಗರಕ್ಕೆ ಬರಲು ಲಾಂಚೇ ಗತಿ. ಅದು ಸಂಜೆಗೆ ನಿಲ್ಲುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ, ರಾತ್ರಿಯಲ್ಲಿ ಮನೆಯ ಹಿರಿಯರೊಬ್ಬರು ರಕ್ತ ಕಾರಿದರೆ, ಸುತ್ತುದಾರಿ ಹಿಡಿಯುವುದೋ ಬೆಳಗಿನವರೆಗೆ ಕಾಯುವುದೋ ಎಂಬುದೇ ಪ್ರಾಣದ ಪ್ರಶ್ನೆಯಾಗಿತ್ತು.

ಜಠರದ ಹುಣ್ಣಿನಿಂದಲೋ, ಯಕೃತ್ತಿನ ರೋಗದಲ್ಲಿ ಉಬ್ಬಿದ ಅನ್ನನಾಳದ ಸಿರೆಗಳಿಂದಲೋ ರಕ್ತ ಸೋರುತ್ತದೆ. ವಾಂತಿಯಲ್ಲಿ ಅದು ಕೆಂಪಗಿರಬಹುದು, ಕಾಫಿಯ ಚರಟದಂತೆಯೂ ಇರಬಹುದು. ಕೆಳಗಿಳಿದರೆ ಮಲವು ಡಾಂಬರಿನಂತೆ ಕಪ್ಪಾಗಿ ಅಂಟುತ್ತದೆ. ಕಬ್ಬಿಣಾಂಶದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುವುದುಂಟು, ಅಷ್ಟಕ್ಕೇ ಗಾಬರಿಯಾಗಬೇಕಾದುದಿಲ್ಲ.

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತೈದರ ಯುವಕನೊಬ್ಬ ಬಟ್ಟಲು ತುಂಬ ರಕ್ತ ಕಾರಿದ್ದಾನೆ. ಎಂಬತ್ತು ದಾಟಿದ, ಹೃದಯ ದುರ್ಬಲವಾದ ವೃದ್ಧರೊಬ್ಬರಿಗೆ ಮಲ ಕಪ್ಪಾಗಿದೆ, ಅಷ್ಟೆ. ನೋಡುವವರ ಕಣ್ಣು ಯುವಕನ ಕಡೆಗೇ ಹೋಗುತ್ತದೆ. ಆತನಿಗೂ ಚಿಕಿತ್ಸೆ ಬೇಕೇ ಬೇಕು. ಆದರೆ 1996ರಲ್ಲಿ ರಾಕಾಲ್ ಮತ್ತು ಸಂಗಡಿಗರು ಇಂಗ್ಲೆಂಡಿನ ರೋಗಿಗಳಿಂದ ರಚಿಸಿದ ಗಣನೆಯಲ್ಲಿ ಮರಣದ ಭಯ ವೃದ್ಧರಿಗೇ ಹೆಚ್ಚಾಗಬಹುದು: ವಯಸ್ಸಿಗೆ ಅಂಕ, ಇಳಿದ ರಕ್ತದೊತ್ತಡಕ್ಕೆ ಅಂಕ, ಜೊತೆಗಿರುವ ರೋಗಕ್ಕೆ ಅಂಕ, ಬಳಿಕ ದರ್ಶಕನಳಿಕೆಯಿಂದ ಕಂಡುದಕ್ಕೆ ಅಂಕ. ಎಷ್ಟೋ ಮಂದಿಯನ್ನು ಕೊಲ್ಲುವುದು ಸೋರಿದ ರಕ್ತವೊಂದೇ ಅಲ್ಲ; ಮೊದಲೇ ಇದ್ದ ರೋಗವು ಆ ನಷ್ಟವನ್ನು ತಾಳದೆಹೋಗುತ್ತದೆ.

2000ದಲ್ಲಿ ಬ್ಲಾಚ್‌ಫೋರ್ಡ್ ಮತ್ತು ಸಂಗಡಿಗರು ಬೇರೆಯದೇ ಪ್ರಶ್ನೆ ಕೇಳಿದರು: ಯಾರಿಗೆ ಆಸ್ಪತ್ರೆಯ ಚಿಕಿತ್ಸೆ ಅಗತ್ಯ? ಇದಕ್ಕೆ ನಳಿಕೆ ಬೇಡ. ನಾಡಿ, ರಕ್ತದೊತ್ತಡ, ಹಿಮೋಗ್ಲೋಬಿನ್, ರಕ್ತದ ಯೂರಿಯಾ, ಮೂರ್ಛೆ ಮುಂತಾದವು ಸಾಕು. ಕರುಳು ಸೋರಿದ ರಕ್ತವನ್ನೂ ಆಹಾರದಂತೆ ಜೀರ್ಣಿಸುವುದರಿಂದ ಯೂರಿಯಾ ಏರುತ್ತದೆಂಬುದು ನನಗೆ ಬಹಳ ಸ್ವಾರಸ್ಯವಾಗಿ ತೋರಿತು. ಅಂಕ ಸೊನ್ನೆ ಅಥವಾ ಒಂದಾದರೆ ರೋಗಿಯನ್ನು ಮನೆಗೆ ಕಳುಹಿಸಿ, ಬಳಿಕ ಪರೀಕ್ಷಿಸಬಹುದೆಂದು ಇಂದಿನ ವೈದ್ಯರು ಒಪ್ಪುತ್ತಾರೆ.

ಆದರೆ ಈ ಕೋಷ್ಟಕಗಳಲ್ಲಿ ದಾರಿಯ ದೂರಕ್ಕೆ ಅಂಕವಿಲ್ಲ. ಮಂಗನ ಕಾಯಿಲೆಗೂ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾಗಿ, 2019ರಲ್ಲಿ ಸಾಗರದ ಅರಳಗೋಡನ್ನು ಕಾಡಿದ ಆ ಜ್ವರದಲ್ಲಿಯೂ ಕರುಳಿನಿಂದ ರಕ್ತ ಹೋಗುವುದುಂಟು. ಜ್ವರ ಬಂದದ್ದನ್ನೂ ಕಾಡಿಗೆ ಹೋದದ್ದನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ಮನೆಯಲ್ಲಿ ಕುಳಿತು ಅಂಕ ಕೂಡಿಸಿರೆಂದು ನಾನು ಹೇಳುತ್ತಿಲ್ಲ. ರಕ್ತವಾಂತಿಯಾದರೆ ಹೊರಡಿರಿ. ಎಷ್ಟು ಗಂಟೆಗೆ ಆಯಿತು, ತಲೆ ತಿರುಗಿ ಬಿದ್ದರೇ ಎಂಬುದನ್ನು ನೆನಪಿಟ್ಟುಕೊಳ್ಳಿರಿ; ಅಜ್ಜಯ್ಯನವರು ಮಂಡಿನೋವಿಗೆಂದು ನುಂಗುತ್ತಿದ್ದ ಮಾತ್ರೆಯ ಪೊಟ್ಟಣವನ್ನು ಜೊತೆಗೆ ಒಯ್ಯಿರಿ.